ಓವನ್ನಿನ ಮೂಲೆಯ ನೀಲಿ ಲೋಟ

ಅತ್ತೆಯ ಮೈಕ್ರೋವೇವ್ ಓವನ್ ಅಡುಗೆಮನೆ ಬಿಟ್ಟು ಹಾಲಿನ ಕಾರ್ಖಾನೆ ಸೇರಿ ಏಳು ತಿಂಗಳಾಗಿತ್ತು. ಸೊಸೆ ಅದನ್ನು ತೆಗೆದುಕೊಂಡು ಹೋಗುವಾಗ ಹೇಳಿದ್ದು ಒಂದೇ ವಾರ ಅಂತ. ಅತ್ತೆ ಅದಿದ್ದ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದರು. ಯಾರಾದರೂ ಅಲ್ಲಿ ಪಾತ್ರೆ ಇಟ್ಟರೆ ಎತ್ತಿ ಬೇರೆಡೆ ಇಡುತ್ತಿದ್ದರು. ಬೆಳಿಗ್ಗೆ ಆ ಖಾಲಿ ಚೌಕವನ್ನು ಬಟ್ಟೆಯಿಂದ ಒರೆಸುವಾಗ ಸೊಸೆಗೆ ಕೇಳಿಸುವಷ್ಟು ದೊಡ್ಡದಾಗಿ ಒಂದು ನಿಟ್ಟುಸಿರು ಬಿಡುತ್ತಿದ್ದರು. ಮಗರಾಯ ಈ ವಿಷಯದಲ್ಲಿ ಬಾಯಿ ಬಿಡದೆ ತಿಂಡಿ ತಿಂದು ಎದ್ದುಹೋಗುತ್ತಿದ್ದ. ಜಾಣ.

ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆಗೆ ಅಲ್ಲಿ ಕಿಣ್ವದಮ್ಮ ಅಂತ ಹೆಸರು. ಇಟ್ಟವರು ಪ್ಯಾಕಿಂಗ್ ವಿಭಾಗದವರು. ಹಾಲಿನಲ್ಲಿರುವ ಸಕ್ಕರೆ ಕೆಲವರ ಹೊಟ್ಟೆಗೆ ಆಗುವುದಿಲ್ಲ, ಕುಡಿದ ಅರ್ಧ ಗಂಟೆಗೆ ಗುಡುಗುಡು ಶುರುವಾಗುತ್ತದೆ. ಆ ಸಕ್ಕರೆಯನ್ನು ಮೊದಲೇ ಒಡೆದುಕೊಡುವ ವಸ್ತುವೇ ಅವಳ ಕಿಣ್ವ. ಹಾಲಿಗೆ ಒಂದು ಚಮಚ ಹಾಕಿದರೆ ಕೆಲಸವೇನೋ ಚೆನ್ನಾಗಿ ಮಾಡುತ್ತದೆ, ಆದರೆ ಮಾಡಿ ಮುಗಿಸಿ ಹಾಲಿನ ಜೊತೆಯಲ್ಲೇ ಹೊರಟುಹೋಗುತ್ತದೆ. ಮರುದಿನ ಮತ್ತೆ ಹೊಸದು ಬೇಕು. ಹಾಗೆ ಓಡಿಹೋಗದಂತೆ ಅದನ್ನು ಒಂದು ಕಡೆ ಕೂರಿಸಬೇಕು, ಹಾಲು ಬಂದು ಹಾದುಹೋಗಬೇಕು, ಕಿಣ್ವ ಮಾತ್ರ ಕೂತಲ್ಲೇ ಕೂತು ದಿನವೂ ದುಡಿಯಬೇಕು ಎಂಬುದು ಕಿಣ್ವದಮ್ಮನ ಹಟ.

ಕೂರಿಸುವುದಕ್ಕೆ ಅವಳು ಹುಡುಕಿಕೊಂಡದ್ದು ಒಂದು ಬಿಳಿ ಪುಡಿ. ಕಣ್ಣಿಗೆ ಬಟ್ಟೆ ತೊಳೆಯುವ ಸೋಪಿನ ಪುಡಿಯ ಹಾಗಿದ್ದರೂ ಅದರ ಒಂದೊಂದು ಕಾಳಿನೊಳಗೂ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಓಣಿಗಳು, ಗೂಡುಗಳು. ಕಿಣ್ವ ಆ ಗೂಡುಗಳಿಗೆ ಹೋಗಿ ಕೂರಬೇಕು. ಅದು ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಒಳಗೆ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ಜೋತುಬೀಳುವ ಜನರ ಹಾಗೆ ಗೂಡಿನ ಬಾಯಲ್ಲೇ ಗುಂಪುಗೂಡಿ ನಿಂತುಬಿಡುತ್ತಿತ್ತು. ಇಡೀ ದಿನ ಅಲುಗಾಡಿಸಿದರೂ ಅಷ್ಟೇ. 'ಒಳಗೆ ಹೋಗ್ರಿ, ಒಳಗೆ ಹೋಗ್ರಿ' ಎಂದು ತಳ್ಳುವ ಕಂಡಕ್ಟರ್ ಒಬ್ಬ ಬೇಕಿತ್ತು. ಅತ್ತೆಯ ಓವನ್ ಆ ಕಂಡಕ್ಟರ್. ಮೈಕ್ರೋವೇವಿನ ಅಲೆ ಎರಡೇ ಎರಡು ನಿಮಿಷ ಮೆತ್ತಗೆ ತಾಕಿದರೆ ಸಾಕು, ಕಿಣ್ವ ತೆಪ್ಪಗೆ ಒಳಗೆ ಹೋಗಿ ಕೂರುತ್ತಿತ್ತು. ಆಮೇಲೆ ಎಷ್ಟು ತೊಳೆದರೂ ಹೊರಗೆ ಬರುತ್ತಿರಲಿಲ್ಲ. ಒಂದೇ ಅಪಾಯ ಅಂದರೆ ಬಿಸಿ. ಐವತ್ತು ಡಿಗ್ರಿ ದಾಟಿತೋ, ಕಿಣ್ವ ಮೊಟ್ಟೆಯ ಬಿಳಿಯ ಹಾಗೆ ಬೆಂದು ಸತ್ತುಹೋಗುತ್ತದೆ. ಏಳು ತಿಂಗಳಿಂದ ಒಂದು ಸಲವೂ ದಾಟಿರಲಿಲ್ಲ. ಥರ್ಮಾಮೀಟರ್ ಇಟ್ಟಾಗಲೆಲ್ಲ ನಲವತ್ತೊಂದು, ಬಹಳವಾದರೆ ನಲವತ್ತೆರಡು. ಇದನ್ನು ಕಿಣ್ವದಮ್ಮ ತನ್ನ ಕೈಗುಣ ಅಂತ ತಿಳಿದಿದ್ದಳು.

ಓವನ್ನಿನ ಹಿಂದೆಯೇ ಅತ್ತೆ ಮನೆಯಿಂದ ಇನ್ನೊಂದು ವಸ್ತುವನ್ನೂ ಕಳಿಸಿಕೊಟ್ಟಿದ್ದರು, ತಮ್ಮ ಗಂಡನನ್ನು. ಇದಕ್ಕೆ ಅವರು ನಿಟ್ಟುಸಿರು ಬಿಟ್ಟದ್ದನ್ನು ಯಾರೂ ಕೇಳಿಲ್ಲ. ಮಾವ ಅದೇ ಕಾರ್ಖಾನೆಯ ಬಾಯ್ಲರ್ ಮುಂದೆ ಮೂವತ್ನಾಲ್ಕು ವರ್ಷ ನಿಂತು ನಿವೃತ್ತರಾದವರು. ಮನೆಯಲ್ಲಿ ಕೂತ ಮೊದಲ ವಾರವೇ ಕುಕ್ಕರಿನ ಎದುರು ಕೈಕಟ್ಟಿ ನಿಂತು "ಒತ್ತಡ ಎಷ್ಟಿದೆ?" ಎಂದು ಹೆಂಡತಿಯನ್ನು ಕೇಳಲು ಶುರು ಮಾಡಿದರು. ಎರಡನೆಯ ವಾರ ಅತ್ತೆಯೇ ಸೊಸೆಯ ಕೈಹಿಡಿದು, "ನಿನ್ನ ಲ್ಯಾಬಲ್ಲಿ ಇವರಿಗೊಂದು ಸ್ಟೂಲ್ ಹಾಕಿಸಮ್ಮ, ಪುಣ್ಯ ಬರುತ್ತೆ" ಅಂದರು. ಹೀಗೆ ಮಾವ ಪ್ರಯೋಗಾಲಯದ ಸಹಾಯಕರಾದರು. ಅಂಗಿಯ ಜೇಬಿಗೆ ನಂಬರಿನ ಬಿಲ್ಲೆಯೂ ಬಂತು.

ಮನೆಯಲ್ಲಿ ಮಾವನ ಮಾತಿಗೆ ಎದುರಾಡದ ಸೊಸೆ ಲ್ಯಾಬಿನ ಹೊಸಿಲು ದಾಟಿದ ಕೂಡಲೇ ಮೇಲಧಿಕಾರಿ. "ಮಾವ, ಕೈಗವಸು ಹಾಕ್ಕೊಳ್ಳಿ. ಮಾವ, ಅದನ್ನ ಮುಟ್ಟಬೇಡಿ." ಮಾವ ಅದಕ್ಕೆಲ್ಲ ಬೇಸರಿಸುತ್ತಿರಲಿಲ್ಲ. ಓವನ್ ಅವರ ಸುಪರ್ದಿಗೆ ಬಂದಿತ್ತು, ಅಷ್ಟು ಸಾಕಿತ್ತು. ಕಿಣ್ವದಮ್ಮ ಬೆರಳುದ್ದದ ಸೀಸೆಯಲ್ಲಿ ಪುಡಿ, ಕಿಣ್ವ, ನೀರು ಸೇರಿಸಿ ಅವರ ಕೈಗೆ ಕೊಟ್ಟು ಹಾಲು ಸಿದ್ಧಮಾಡಲು ಪಕ್ಕದ ತಣ್ಣನೆ ಕೋಣೆಗೆ ಹೋಗುತ್ತಿದ್ದಳು. ಮಾವ ಗುಂಡಿಯನ್ನು ಕಡಿಮೆ ಉರಿಗೆ ತಿರುಗಿಸಿ, ಬಾಯ್ಲರ್ ಕಾಲದ ಗಡಿಯಾರ ನೋಡುತ್ತ ಸರಿಯಾಗಿ ಎರಡು ನಿಮಿಷಕ್ಕೆ ನಿಲ್ಲಿಸಿ ಸೀಸೆಯನ್ನು ತಂದುಕೊಡುತ್ತಿದ್ದರು.

ಬರುವ ಶುಕ್ರವಾರ ಯಜಮಾನರು ಬರುವವರಿದ್ದರು. ಕಾರ್ಖಾನೆ ಅವರದು, ಲ್ಯಾಬಿನ ಕೋಣೆಯೂ ಅವರದು, ಅದನ್ನು ಖಾಲಿ ಡಬ್ಬಗಳ ಗೋದಾಮು ಮಾಡಬೇಕೆಂಬ ಆಸೆಯೂ ಅವರದೇ. "ಒಂದು ಸಲ ತುಂಬಿಸಿದ ಪುಡಿಯಿಂದ ಹತ್ತು ಸಲ ಹಾಲಿನ ಸಕ್ಕರೆ ಒಡೆದು ತೋರಿಸಿ. ಆಗಲಿಲ್ಲ ಅಂದ್ರೆ ನೀವು ಪ್ಯಾಕಿಂಗ್‌ಗೆ ಹೋಗಿ ಮುಚ್ಚಳ ಸರಿಯಾಗಿದೆಯಾ ನೋಡಿ, ಕೋಣೆ ಡಬ್ಬಗಳಿಗಿರಲಿ" ಎಂದು ನಗುತ್ತಲೇ ಹೇಳಿಹೋಗಿದ್ದರು. ಕಿಣ್ವದಮ್ಮ ಆರು ವರ್ಷ ಜೀವ ತೇಯ್ದು ಕಟ್ಟಿದ ಕೋಣೆ ಅದು. ಮುಚ್ಚಳ ನೋಡುವುದು ಕೆಟ್ಟ ಕೆಲಸವೇನಲ್ಲ, ಆದರೆ ಅದನ್ನು ನೆನೆದಾಗಲೆಲ್ಲ ಅವಳು ಇನ್ನೊಂದು ಸೀಸೆ ತೊಳೆಯಲು ಎದ್ದುಬಿಡುತ್ತಿದ್ದಳು.

ಸೋಮವಾರ ತಣ್ಣನೆ ಕೋಣೆಗೆ ಹೋದವಳು ಕನ್ನಡಕ ಮರೆತು ವಾಪಸು ಬಂದಳು. ಓವನ್ ನಿಂತಿತ್ತು. ಮಾವ ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ತಮ್ಮ ನೀಲಿ ಪಿಂಗಾಣಿ ಲೋಟದಿಂದ ಹಬೆಯಾಡುವ ನೀರನ್ನು ಊದಿ ಊದಿ ಕುಡಿಯುತ್ತಿದ್ದರು. ಬಾಯ್ಲರ್ ಹೊಗೆ ಕುಡಿದ ಗಂಟಲಿಗೆ ಬಿಸಿನೀರೇ ಹಿತ ಅಂತ ಆ ಲೋಟ ಅವರನ್ನು ಎಂದೂ ಬಿಟ್ಟಿದ್ದಲ್ಲ. ಅವರ ತಲೆಯ ಪಕ್ಕದಲ್ಲೇ, ಓವನ್ನಿನ ಬಾಗಿಲ ಮೇಲೆ, ಕೆಂಪು ಅಕ್ಷರದಲ್ಲಿ 'ಇದರಲ್ಲಿ ತಿನ್ನುವ, ಕುಡಿಯುವ ಯಾವುದನ್ನೂ ಇಡಬಾರದು' ಎಂದು ಬರೆದಿತ್ತು. ಬರೆದವಳು ಕಿಣ್ವದಮ್ಮ, ಅಂಟಿಸಿದವರು ಮಾವ.

"ಮಾವ, ಇದೇನಿದು? ಇದರಲ್ಲಿ ಕಾಯಿಸಿದ್ರಾ?"

"ಬರೀ ನೀರಮ್ಮ."

"ನೀರಾದ್ರೂ ಅಷ್ಟೇ. ಲ್ಯಾಬಲ್ಲಿ ಕುಡಿಯೋ ಹಾಗಿಲ್ಲ. ನಿಮಗೇನಾದ್ರೂ ಆದ್ರೆ? ನನ್ನ ಪ್ರಯೋಗ ಕೆಟ್ರೆ? ಶುಕ್ರವಾರ ಯಜಮಾನರು ಬರ್ತಾರೆ."

"ಬಾಯ್ಲರ್ ಹತ್ರ ನಾವು ಇಷ್ಟು ವರ್ಷ..."

"ಇದೇನು ಬಾಯ್ಲರ್ ರೂಮಾ ಮಾವ?" ಅಂದುಬಿಟ್ಟಳು. "ಇಲ್ಲಿ ಬುದ್ಧಿ ಇಟ್ಟು ಕೆಲಸ ಮಾಡಬೇಕು. ನಾಳೆಯಿಂದ ಓವನ್ ನಾನೇ ನೋಡ್ಕೋತೀನಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು. ಮಾವ ಲೋಟದ ನೀರನ್ನು ಸಿಂಕಿಗೆ ಚೆಲ್ಲಿದರು. ಲೋಟವನ್ನು ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಜೇಬಿನ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ಮನೆಗೆ ನಡೆದರು.

ಮಂಗಳವಾರ ಕಿಣ್ವದಮ್ಮ ತಾನೇ ಸೀಸೆ ಇಟ್ಟಳು, ತಾನೇ ಗುಂಡಿ ತಿರುಗಿಸಿದಳು. ಎರಡು ನಿಮಿಷಕ್ಕೆ ತೆಗೆದರೆ ಥರ್ಮಾಮೀಟರ್ ಎಪ್ಪತ್ತಾರು ಅಂದಿತು. ಪುಡಿ ಗಂಟುಗಂಟಾಗಿ ಬೇಯಿಸಿದ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಹಾಲು ಹಾಯಿಸಿ ಪರೀಕ್ಷೆಯ ಪಟ್ಟಿ ಅದ್ದಿದಳು. ಸಕ್ಕರೆ ಒಡೆದಿದ್ದರೆ ಹಸಿರಾಗಬೇಕಿದ್ದ ಪಟ್ಟಿ ಕದಲದೆ ಹಳದಿಯಾಗೇ ಇತ್ತು. ಕೈತಪ್ಪಿರಬೇಕು ಎಂದು ಇನ್ನೊಮ್ಮೆ ಮಾಡಿದಳು. ಎಪ್ಪತ್ತೆಂಟು.

ಬಿಸಿ ಹೆಚ್ಚಾಯಿತು ಎಂದು ಸಮಯ ಇಳಿಸಿ ಇಪ್ಪತ್ತು ಸೆಕೆಂಡಿಗೇ ತೆಗೆದಳು. ಬಿಸಿಯೇನೋ ಸರಿಹೋಯಿತು, ಆದರೆ ಒಂದು ಸಲ ತೊಳೆದ ಕೂಡಲೇ ಕಿಣ್ವವೆಲ್ಲ ಆ ನೀರಿನ ಜೊತೆ ಜಾರಿಹೋಯಿತು. ಬಾಗಿಲಲ್ಲೇ ನಿಂತದ್ದು, ಒಳಗೆ ಹೋಗಿರಲೇ ಇಲ್ಲ. ಮೂವತ್ತು ಸೆಕೆಂಡಿಗೆ ಅರ್ಧ ಬೆಂದು ಅರ್ಧ ಜಾರಿತು. ಬುಧವಾರ ಸಂಜೆಯ ಹೊತ್ತಿಗೆ ಹದಿನಾಲ್ಕು ಸೀಸೆ ಹಾಳಾಗಿದ್ದವು. ಏಳು ತಿಂಗಳು ಮಗುವಿನ ಹಾಗೆ ಹೇಳಿದ ಮಾತು ಕೇಳಿದ ಓವನ್ನಿಗೆ ಎರಡೇ ದಿನದಲ್ಲಿ ಏನು ಬಡಿಯಿತೋ ತಿಳಿಯಲಿಲ್ಲ. ಅವಳು ಪುಡಿಯ ಮೇಲೆ ಸಂಶಯಪಟ್ಟಳು, ಕಿಣ್ವದ ಬಾಟಲಿಯ ಮೇಲೆ ಸಂಶಯಪಟ್ಟಳು, ಕರೆಂಟಿನ ವೋಲ್ಟೇಜನ್ನು ಅಳೆದಳು. ಕೊನೆಗೆ ಅತ್ತೆಯ ನಿಟ್ಟುಸಿರು ತಾಕಿತೋ ಏನೋ ಎಂದು, ವಿಜ್ಞಾನ ಓದಿದವಳು ಯೋಚಿಸಬಾರದ್ದನ್ನೂ ಯೋಚಿಸಿದಳು. ಟಿಪ್ಪಣಿ ಪುಸ್ತಕವನ್ನು ಮೊದಲ ಪುಟದಿಂದ ತಿರುವಿದಳು. ತೂಕ, ಅಳತೆ, ಸಮಯ, ಕೋಣೆಯ ತೇವ ಕೂಡ ಬರೆದಿತ್ತು. ಯಾವುದೂ ಬದಲಾಗಿರಲಿಲ್ಲ.

ಮನೆಯಲ್ಲಿ ಮಾವ ಅವಳ ಜೊತೆ ಟೂ ಬಿಟ್ಟಿದ್ದರು. ನಾಲ್ಕು ಜನ ಒಂದೇ ಮೇಜಿಗೆ ಕೂತಿದ್ದರೂ "ಉಪ್ಪು ಈಚೆ ಕೊಡೋಕೆ ಹೇಳು" ಎಂದು ಹೆಂಡತಿಗೆ ಹೇಳುತ್ತಿದ್ದರು. ಉಪ್ಪು ಇದ್ದದ್ದು ಸೊಸೆಯ ಕೈಯಲ್ಲೇ.

ಗುರುವಾರ ಬೆಳಿಗ್ಗೆ ಕಿಣ್ವದಮ್ಮ ಅಡುಗೆಮನೆಗೆ ಬಂದಾಗ ಮಾವ ನೀಲಿ ಲೋಟದಲ್ಲಿ ತಣ್ಣೀರು ಕುಡಿದು ಕೆಮ್ಮುತ್ತಿದ್ದರು. ಅತ್ತೆ ಖಾಲಿ ಚೌಕ ಒರೆಸುತ್ತ, "ಒಲೆ ಮೇಲೆ ಕಾಯಿಸಿಕೊಡ್ತೀನಿ ಅಂದ್ರೂ ಬೇಡವಂತೆ. ಬುದ್ಧಿ ಇಲ್ಲದವರಿಗೆ ತಣ್ಣೀರೇ ಸಾಕಂತೆ" ಅಂದರು.

ಕಿಣ್ವದಮ್ಮನಿಗೆ ಕಣ್ಣು ತುಂಬಿ ಬಂತು. ನಾಳೆ ಹೇಗೂ ಕೋಣೆ ಹೋಗುತ್ತದೆ, ಇವರ ಮನಸ್ಸನ್ನಾದರೂ ಉಳಿಸಿಕೊಳ್ಳೋಣ ಅನ್ನಿಸಿತು. ಮಾವನ ಎದುರಿನ ಕುರ್ಚಿ ಎಳೆದು ಕೂತಳು.

"ತಪ್ಪಾಯ್ತು ಮಾವ. ಆ ಮಾತು ಆಡಬಾರದಿತ್ತು. ಲ್ಯಾಬಿನ ಹೊರಗೆ, ಕಾರಿಡಾರಲ್ಲಿ ನಿಮಗೇ ಅಂತ ಒಂದು ಕೆಟಲ್ ಇಡಿಸ್ತೀನಿ. ದಿನಾ ಎಷ್ಟು ಹೊತ್ತಿಗೆ ನೀರು ಬೇಕು ಹೇಳಿ. ಯಾವಾಗ ಕಾಯಿಸ್ಕೋತಿದ್ರಿ, ಮಧ್ಯಾಹ್ನಾನಾ?"

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾವಾಗ ಅಂದ್ರೆ? ನಿನ್ನ ಸೀಸೆ ಇಟ್ಟಾಗ."

"ಸೀಸೆ ತೆಗೆದ ಮೇಲೆ ಅಲ್ವಾ?"

"ಮೇಲೆ ಯಾಕೆ? ಜೊತೇಲೇ. ಸೀಸೆ ನಡುವೆ, ಲೋಟ ಹಿಂದಿನ ಮೂಲೇಲಿ." ಈಗ ಮಾವ ಪೇಪರ್ ಇಳಿಸಿದರು, ಯಾಕೆಂದರೆ ಇದು ಅವರ ಧರ್ಮದ ವಿಷಯ. "ಅಷ್ಟು ದೊಡ್ಡ ಒಲೆ ಹಚ್ಚಿ ಬೆರಳುದ್ದ ಸೀಸೆ ಒಂದನ್ನೇ ಕಾಯಿಸೋದು ಅಂದ್ರೆ ಏನಮ್ಮ? ಕಾವು ದಂಡ ಮಾಡಬಾರದು. ನಮ್ಮ ಬಾಯ್ಲರಲ್ಲಿ ಹಾಲಿಗೆ ಹಬೆ ಹೋದ್ರೆ ಅದರ ಪಕ್ಕದ ಪೈಪಲ್ಲೇ ಕೈಕಾಲು ತೊಳೆಯೋಕೆ ನೀರು ಕಾಯ್ತಿತ್ತು. ಮೂವತ್ನಾಲ್ಕು ವರ್ಷ ಒಂದು ಚೂರು ಕಾವು ಹಾಳು ಮಾಡಿಲ್ಲ ನಾನು."

"ಪ್ರತಿ ಸಲಾನಾ?"

"ಏಳು ತಿಂಗಳಿಂದ."

ಕಿಣ್ವದಮ್ಮ ಹಣೆ ಹಣೆ ಬಡಿದುಕೊಂಡಳು, ಆಮೇಲೆ ನಗಲು ಶುರುಮಾಡಿದಳು. ನಗುತ್ತ ನಗುತ್ತ ಅತ್ತಳೋ ಏನೋ, ಅತ್ತೆ ಗಾಬರಿಯಾಗಿ ನೀರು ತಂದರು. ಕಡಿಮೆ ಉರಿ ಅಂತ ಗುಂಡಿ ತಿರುಗಿಸಿದರೆ ಆ ಓವನ್ ಉರಿ ಕಡಿಮೆ ಮಾಡುವುದಿಲ್ಲ. ಸ್ವಲ್ಪ ಹೊತ್ತು ಪೂರ್ತಿ ಬಲದಲ್ಲಿ ಹೊಡೆದು, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಅಷ್ಟೇ. ಒಳಗೆ ಸೀಸೆ ಒಂದೇ ಇದ್ದರೆ ಅಷ್ಟೂ ಏಟು ಅದರ ಮೇಲೇ. ಪಕ್ಕದಲ್ಲಿ ಲೋಟದ ತುಂಬ ನೀರಿದ್ದರೆ ಬಹುಪಾಲು ಏಟನ್ನು ನೀರೇ ತಿಂದು, ಸೀಸೆಗೆ ಬೇಕಾದಷ್ಟನ್ನೇ ಬಿಡುತ್ತದೆ. ಏಳು ತಿಂಗಳು ಅವಳು ತನ್ನ ಕೈಗುಣ ಅಂದುಕೊಂಡದ್ದು ಮಾವನ ಬಿಸಿನೀರಿನ ಚಟ. ಕೋಣೆಯ ತೇವವನ್ನೂ ಬರೆದಿಟ್ಟವಳಿಗೆ ಆ ಲೋಟ ಕಂಡಿರಲಿಲ್ಲ.

ಇದನ್ನು ಬಿಡಿಸಿ ಹೇಳಿದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಇದನ್ನ ಕಂಡುಹಿಡಿಯೋಕೆ ಇಷ್ಟು ಕಾಲ ಬೇಕಾಯ್ತಾ? ಒಂದು ತುಂಡು ಬ್ರೆಡ್ ಬಿಸಿ ಮಾಡೋವಾಗ ಪಕ್ಕದಲ್ಲಿ ನೀರಿಡದೆ ಇದ್ರೆ ಅದು ಹಲಗೆ ಆಗುತ್ತೆ. ನಾನು ಯಾವತ್ತೂ ಇಟ್ಟೇ ಮಾಡ್ತಿದ್ದೆ. ಓವನ್ ಹೊತ್ಕೊಂಡು ಹೋಗೋವಾಗ ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಕಿಣ್ವದಮ್ಮ ತಲೆ ತಗ್ಗಿಸಿದಳು. ಆಮೇಲೆ ಚೀಲದಿಂದ ಬಿಲ್ಲೆ ತೆಗೆದು ಮಾವನ ಮುಂದೆ ಇಟ್ಟಳು. "ಬನ್ನಿ ಮಾವ. ಬಾಯ್ಲರ್ ರೂಮಿನ ಬುದ್ಧಿ ಇಲ್ಲದೆ ನನ್ನ ಲ್ಯಾಬ್ ನಡೆಯಲ್ಲ."

ಮಾವ ತಕ್ಷಣ ಏಳಲಿಲ್ಲ. ಅಷ್ಟು ಸುಲಭವಾಗಿ ಎದ್ದರೆ ಮಾವನಾಗಿ ಏನು ಪ್ರಯೋಜನ. ಪೇಪರನ್ನು ನಾಲ್ಕು ಮಡಿಕೆ ಮಾಡಿದರು, ಕನ್ನಡಕ ಒರೆಸಿದರು, ಹವಾಮಾನದ ಬಗ್ಗೆ ಒಂದು ಮಾತು ಹೇಳಿದರು. ಅಷ್ಟರಲ್ಲಿ ಅತ್ತೆ ನೀಲಿ ಲೋಟವನ್ನು ತೊಳೆದು ಒರೆಸಿ ಪೇಪರಿನಲ್ಲಿ ಸುತ್ತಿಬಿಟ್ಟಿದ್ದರು.

ಲ್ಯಾಬಿನಲ್ಲಿ ಕಿಣ್ವದಮ್ಮ ಲೋಟದ ಕಂಠದವರೆಗೆ ನೀರು ತುಂಬಿ ಹಿಂದಿನ ಮೂಲೆಯಲ್ಲಿಟ್ಟಳು. ಎರಡು ನಿಮಿಷಕ್ಕೆ ಸೀಸೆ ಮೂವತ್ತೇಳು ಡಿಗ್ರಿ. ಬೇಯಲಿಲ್ಲ, ಆದರೆ ತೊಳೆದಾಗ ಕಾಲು ಭಾಗ ಕಿಣ್ವ ಜಾರಿತು. ಅವಳ ಮುಖ ಮತ್ತೆ ಬಾಡಿತು.

"ಅಷ್ಟು ತುಂಬಿಸಬಾರದಮ್ಮ," ಅಂದರು ಮಾವ. "ತಿರುಗೋ ತಟ್ಟೆ ಮೇಲೆ ಚೆಲ್ಲುತ್ತೆ ಅಂತ ನಾನು ಮೊದಲೇ ಎರಡು ಗುಟುಕು ಕುಡಿದು ಇಡ್ತಿದ್ದೆ."

"ಎರಡು ಗುಟುಕು ಅಂದ್ರೆ ಎಷ್ಟು?"

"ಎರಡು ಅಂದ್ರೆ ಎರಡು."

ಲ್ಯಾಬಿನೊಳಗೆ ಕುಡಿಯುವ ಹಾಗಿಲ್ಲ. ನಿಯಮ ಮೊನ್ನೆ ಎಷ್ಟು ನಿಜವೋ ಇಂದೂ ಅಷ್ಟೇ ನಿಜ. ಆದ್ದರಿಂದ ಮಾವನನ್ನು ಹೊಸಿಲಾಚೆ ಕಾರಿಡಾರಿನಲ್ಲಿ ನಿಲ್ಲಿಸಿ, ತುಂಬಿದ ಲೋಟ ಕೊಟ್ಟು, ಎರಡು ಗುಟುಕು ಕುಡಿಸಿ, ಉಳಿದದ್ದನ್ನು ಅಳತೆಯ ಗಾಜಿಗೆ ಸುರಿದು ನೋಡಿದಳು. ನೂರ ತೊಂಬತ್ತೆರಡು ಮಿಲಿ. ಒಂದು ಅಳತೆ ಸಾಲದು, ಸರಾಸರಿ ಬೇಕು ಎಂದು ಮತ್ತೆ ತುಂಬಿ ಕೊಟ್ಟಳು. ಮೂರನೆಯದಕ್ಕೆ ಮಾವ ಉತ್ಸಾಹದಿಂದ ದೊಡ್ಡ ಗುಟುಕು ಹೊಡೆದರು. "ಸಹಜವಾಗಿ ಕುಡೀರಿ ಮಾವ, ನಾನು ನೋಡ್ತಿಲ್ಲ ಅಂದ್ಕೊಳ್ಳಿ" ಎಂದು ಅವಳು ಗೋಡೆಯ ಕಡೆ ತಿರುಗಿ ನಿಂತಳು. ಐದನೆಯ ಸಲ ಮುಗಿಯುವ ಹೊತ್ತಿಗೆ ಪ್ಯಾಕಿಂಗ್ ವಿಭಾಗದ ಅರ್ಧ ಜನ ಕಾರಿಡಾರಿನಲ್ಲಿ ಸೇರಿದ್ದರು. ಸರಾಸರಿ ನೂರ ತೊಂಬತ್ತು ಬಂತು. ಮಾವ ಬಚ್ಚಲ ಕಡೆ ಅವಸರದಲ್ಲಿ ಹೋದರು. ಅಷ್ಟೇ ನೀರು ಅಳೆದು ಇಟ್ಟಾಗ ಥರ್ಮಾಮೀಟರ್ ನಲವತ್ತೊಂದು ತೋರಿಸಿತು.

ಶುಕ್ರವಾರ ಹತ್ತು ಗಂಟೆಗೆ ಯಜಮಾನರು ಬಂದರು. ಬಂದವರೇ ಗೋಡೆಯ ಉದ್ದಕ್ಕೆ ಕಣ್ಣು ಹಾಯಿಸಿದರು. ಎಷ್ಟು ಡಬ್ಬ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾರೆಂದು ಕಿಣ್ವದಮ್ಮನಿಗೆ ಗೊತ್ತಾಯಿತು. ಪುಡಿ, ಕಿಣ್ವ, ನೀರು ಸೇರಿಸಿ ಸೀಸೆಯನ್ನು ಮಾವನ ಕೈಗೆ ಕೊಟ್ಟಳು.

"ನೀವೇ ಇಡಿ ಮಾವ. ನಾವು ಪಕ್ಕದ ಕೋಣೇಲಿರ್ತೀವಿ."

"ನೀವು ನಿಂತು ನೋಡ್ಕೊಳ್ಳಲ್ವಾ?" ಅಂದರು ಯಜಮಾನರು.

"ಅವರು ನೋಡ್ಕೋತಾರೆ."

ತಣ್ಣನೆ ಕೋಣೆಯಲ್ಲಿ ಹಾಲು ಅಳೆಯುತ್ತ ಅವಳು ಒಂದು ಸಲವೂ ಹಿಂದೆ ತಿರುಗಲಿಲ್ಲ. ಕತ್ತು ತಿರುಗಲು ಹಾತೊರೆಯುತ್ತಿತ್ತು. ಓವನ್ನಿನ ಗುಂಯ್ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಎರಡು ನಿಮಿಷ ಅಷ್ಟು ಉದ್ದವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಾವ ಸೀಸೆ ತಂದುಕೊಟ್ಟರು. ನಲವತ್ತೊಂದು.

ಪುಡಿಯನ್ನು ಮೂರು ಸಲ ತೊಳೆದು ಗಾಜಿನ ಕೊಳವೆಗೆ ತುಂಬಿ ಹಾಲು ಹಾಯಿಸಿದಳು. ಪಟ್ಟಿ ಹಸಿರಾಯಿತು. ಎರಡನೆಯ ಸಲ ಹಸಿರು, ಮೂರನೆಯ ಸಲವೂ ಹಸಿರು. ಯಜಮಾನರು ಐದನೆಯದರವರೆಗೆ ನಿಂತಿದ್ದರು, ಆಮೇಲೆ ಮಾವನ ಸ್ಟೂಲಿನ ಮೇಲೆ ಕೂತರು. ಹತ್ತನೆಯ ಪಟ್ಟಿಯನ್ನು ಅವರೇ ಕೈಯಾರೆ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು, ಹಸಿರಾಗುವುದನ್ನು ನೋಡಿದರು.

"ಡಬ್ಬಗಳಿಗೆ ಬೇರೆ ಜಾಗ ನೋಡ್ಬೇಕು," ಅಂದರು. ಎದ್ದು ಹೊರಟವರು ಓವನ್ನಿನ ಬಾಗಿಲು ತೆರೆದು ನೋಡಿ ಹುಬ್ಬೇರಿಸಿದರು. "ಇದೇನು, ಯಾರದೋ ಲೋಟ ಒಳಗೇ ಉಳಿದಿದೆ?"

ಮಾವ ಸೊಸೆಯ ಮುಖ ನೋಡಿದರು. ಹೆಚ್ಚಿನ ಅಲೆಯನ್ನು ಹೀರಲು ಇಟ್ಟ ನೀರು ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡಬಹುದಿತ್ತು. ಕಿಣ್ವದಮ್ಮ ಹಾಗೆ ಮಾಡಲಿಲ್ಲ. ಕನ್ನಡಕ ಮರೆತದ್ದರಿಂದ ಹಿಡಿದು ಹಾಳಾದ ಹದಿನಾಲ್ಕು ಸೀಸೆ, ಎರಡು ಗುಟುಕಿನ ಸರಾಸರಿಯವರೆಗೆ ಎಲ್ಲ ಹೇಳಿದಳು. "ಇದನ್ನ ಕಂಡುಹಿಡಿದಿದ್ದು ನಾನಲ್ಲ. ನಾನು ಇದನ್ನ ಹೊರಗೆ ಹಾಕಿದ್ದೆ," ಅಂದಳು. ಮಾವ ತಮ್ಮ ಗಡಿಯಾರಕ್ಕೆ ಕೀಲಿ ಕೊಡುತ್ತ ನಿಂತರು. ಬೆಳಿಗ್ಗೆಯೇ ಕೊಟ್ಟಾಗಿತ್ತು, ಕೀಲಿ ಇನ್ನು ತಿರುಗುತ್ತಿರಲಿಲ್ಲ.

ಯಜಮಾನರು ನಕ್ಕರು, ಆದರೆ ವ್ಯಾಪಾರಸ್ಥರು. "ಹಾಗಿದ್ರೆ ಇದೇ ಲೋಟ ಬೇಕು. ಇದು ಈ ಕೋಣೆ ಬಿಟ್ಟು ಹೋಗಬಾರದು" ಎಂದು ಸ್ಟೋರಿನವರನ್ನು ಕರೆಸಿದರು. ಸ್ಟೋರಿನವರು ಲೋಟದ ಹೊಟ್ಟೆಯ ಮೇಲೆ ಉಪಕರಣ ಸಂಖ್ಯೆ ಹದಿನೇಳು ಎಂದು ಚೀಟಿ ಅಂಟಿಸಿ ಮಾವನಿಂದಲೇ ಸಹಿ ಹಾಕಿಸಿಕೊಂಡರು.

ಆ ಸಂಜೆ ಮನೆಯಲ್ಲಿ ಕಿಣ್ವದಮ್ಮ ಒಲೆಯ ಮೇಲೆ ನೀರು ಕಾಯಿಸಿ ಸ್ಟೀಲ್ ಲೋಟದಲ್ಲಿ ಮಾವನಿಗೆ ಕೊಟ್ಟಳು. ಮಾವ ತುಟಿ ಸುಟ್ಟುಕೊಂಡು, ಇದು ಆ ಲೋಟದ ಹಾಗಾಗಲ್ಲ ಅಂದರು, ಆದರೂ ಪೂರ್ತಿ ಕುಡಿದರು. ಅತ್ತೆ ಖಾಲಿ ಚೌಕದ ಮೇಲೆ ಕೈಯಾಡಿಸುತ್ತ ಸುದ್ದಿಯೆಲ್ಲ ಕೇಳಿಸಿಕೊಂಡರು.

"ಓವನ್ ಹೋಯ್ತು. ಈಗ ಲೋಟಕ್ಕೂ ನಂಬರ್ ಹಾಕಿ ಇಟ್ಕೊಂಡ್ರಿ," ಅಂದರು. "ಇನ್ನು ನನ್ನ ಗಂಡನಿಗೂ ಒಂದು ನಂಬರ್ ಹಾಕಿ ಅಲ್ಲೇ ಇಟ್ಕೊಂಡುಬಿಡಿ."

ಮಾವ ಬೆಳಿಗ್ಗೆ ಹಾಕಿಕೊಂಡು ಹೋದ ಅಂಗಿಯಲ್ಲೇ ಇದ್ದರು. ಜೇಬಿನ ಮೇಲಿದ್ದ ನಂಬರಿನ ಬಿಲ್ಲೆಯನ್ನು ಮೆಲ್ಲಗೆ ಅಂಗೈಯಿಂದ ಮುಚ್ಚಿಕೊಂಡರು.